ಕಪ್ಪು ಎಲೆ, ಕೆಂಪು ಎಲೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಶಾಲೆಯ ಚರಿತ್ರೆಯನ್ನೋ ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನೋ ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಅವೆರಡನ್ನೂ ನಮಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಬರೆಯಹೊರಟಿರುವುದು ಇಸ್ಪೀಟಿನ ವಿಷಯ. ಮಿಷನ್ ಹೆಣ್ಣುಮಕ್ಕಳ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯು ಇಸ್ಪೀಟನ್ನು ಕುರಿತು ಬರೆಯುವಳೆಂದರೆ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ನಗು ಬಂದೀತು, ಮಾತಾಪಿತರಲ್ಲಿ ಕೆಲವರಿಗೆ ಸಿಟ್ಟು ಬಂದೀತು. ಎರಡಕ್ಕೂ ಕಾರಣವುಂಟೆಂದು ನಾವು ಬಲ್ಲೆವು. 2022ನೆಯ ಇಸವಿಯಲ್ಲಿ ನಮ್ಮ ಎಂಟನೆಯ ತರಗತಿಯಲ್ಲಿ ಇಸ್ಪೀಟು ಆಡಿಸುತ್ತಾರೆಂಬ ಸುದ್ದಿಯು ಪೇಟೆಯವರೆಗೂ ಹೋಗಿತ್ತು. ಅದರ ನಿಜಸಂಗತಿಯನ್ನು ನಾವು ಇದುವರೆಗೆ ಎಲ್ಲಿಯೂ ಹೇಳಿಲ್ಲ, ಇಲ್ಲಿ ಹೇಳುವೆವು.

ನಾವು ಸಹ ಇದೇ ಶಾಲೆಯ ಬೋರ್ಡಿಂಗಿನಲ್ಲಿ ಬೆಳೆದವರು. ಅಲ್ಲಿ ಚೆನ್ನೆಮಣೆಗೆ ಅಡ್ಡಿಯಿರಲಿಲ್ಲ, ಕಲ್ಲಾಟಕ್ಕೆ ಅಡ್ಡಿಯಿರಲಿಲ್ಲ. ಮಳೆಗಾಲದ ಸಾಯಂಕಾಲಗಳಲ್ಲಿ ನಾವು ಜಗಲಿಯಲ್ಲಿ ಕುಳಿತು ಕಣ್ಣು ಕತ್ತಲೆಗಟ್ಟುವ ತನಕ ಆಡುತ್ತಿದ್ದೆವು. ಇಸ್ಪೀಟು ಮಾತ್ರ ಕೂಡದು. ಒಮ್ಮೆ ದಸರಾ ರಜೆಯಿಂದ ಹಿಂತಿರುಗಿದ ಹುಡುಗಿಯೊಬ್ಬಳ ಟ್ರಂಕಿನಲ್ಲಿ ಒಂದು ಕಟ್ಟು ಸಿಕ್ಕಿತು. ನಮ್ಮ ಮೇಟ್ರನ್ ಅಮ್ಮನವರು ಒಂದು ಮಾತನ್ನೂ ಆಡದೆ ಅದನ್ನು ಬಚ್ಚಲ ಒಲೆಗೆ ಹಾಕಿದರು. ರಾಣಿಯ ಮುಖವು ಸುರುಟಿಕೊಂಡು ಉರಿದುದನ್ನು ನಾವು ಬಾಗಿಲ ಸಂದಿಯಿಂದ ನೋಡಿದೆವು. ಹೀಗೆ ನಲವತ್ತು ವರ್ಷ ದಾಟಿದ ಮೇಲೂ ಇಸ್ಪೀಟಿನ ಎಲೆಯನ್ನು ಕೈಯಿಂದ ಮುಟ್ಟದೆ ಇದ್ದವರು ನಾವು. ಅದೊಂದು ವ್ರತವೆಂದಲ್ಲ, ಮುಟ್ಟುವ ಪ್ರಸಂಗವೇ ಬರಲಿಲ್ಲ, ಅಷ್ಟೆ.

ಇನ್ನು ಲೆಕ್ಕದ ಸಂಗತಿ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳೆಲ್ಲ ಮುಚ್ಚಿದುದನ್ನು ಯಾರೂ ಮರೆತಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮಲ್ಲಿಗೆ ಎಂಟನೆಯ ತರಗತಿಗೆ ಬಂದ ಹುಡುಗಿಯರು ಆರನೆಯ ಮತ್ತು ಏಳನೆಯ ತರಗತಿಗಳನ್ನು ಬಹುಮಟ್ಟಿಗೆ ಮನೆಯಲ್ಲಿಯೇ, ಇದ್ದರೆ ಒಂದು ಮೊಬೈಲಿನ ಮುಂದೆ, ಇಲ್ಲವಾದರೆ ಏನೂ ಇಲ್ಲದೆ, ಕಳೆದವರು. ಆ ಎರಡು ವರ್ಷಗಳಲ್ಲಿಯೇ ಮಕ್ಕಳು ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನು ಮೊದಲು ಕಾಣುವುದು. ಸರಕಾರದವರು ಆ ವರ್ಷ ಕಲಿಕಾ ಚೇತರಿಕೆ ಎಂಬ ಯೋಜನೆಯನ್ನು ನಡೆಸಿ, ಬಿಟ್ಟುಹೋದುದನ್ನು ಪುನಃ ಕಲಿಸಬೇಕೆಂದು ಹೇಳಿದರು. ನಾವೂ ಮೊದಲನೆಯ ವಾರದಲ್ಲಿಯೇ ಒಂದು ಸಣ್ಣ ಪರೀಕ್ಷೆಯನ್ನಿಟ್ಟೆವು. ಋಣ ಮೂರಕ್ಕೆ ಋಣ ಐದನ್ನು ಕೂಡಿಸಿದರೆ ಎಷ್ಟು? ನಾಲ್ವತ್ತೊಂದು ಮಂದಿಯಲ್ಲಿ ಹೆಚ್ಚಿನವರು ಧನ ಎಂಟು ಎಂದು ಬರೆದಿದ್ದರು. ಕಾರಣವನ್ನು ಕೇಳಿದರೆ ಎಲ್ಲರದೂ ಒಂದೇ ಮಂತ್ರ: "ಮೈನಸ್ಸು ಮೈನಸ್ಸು ಪ್ಲಸ್ಸು, ಟೀಚರ್." ಆ ಮಂತ್ರವು ಗುಣಿಸುವಾಗ ಸಲ್ಲತಕ್ಕದ್ದು, ಕೂಡಿಸುವಾಗ ಸಲ್ಲತಕ್ಕದ್ದಲ್ಲ. ಆದರೆ ಯಾವುದು ಎಲ್ಲಿ ಸಲ್ಲುವುದೆಂದು ತಿಳಿಯದವನ ಕೈಯಲ್ಲಿ ಮಂತ್ರಕ್ಕೆ ಕೊನೆಯೆಲ್ಲಿ?

ನಮ್ಮ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಶಿಕ್ಷಕಿಯರ ತರಬೇತಿಯಲ್ಲಿ ಕಲಿತಂತೆ ನಾವು ಹದಿನೈದು ವರ್ಷ ಈ ಪಾಠವನ್ನು ಕರಿಹಲಗೆಯ ಮೇಲೆ ಗೆರೆಯೆಳೆದು ಕಲಿಸಿದವರು. ನಡುವೆ ಸೊನ್ನೆ, ಬಲಕ್ಕೆ ಧನ, ಎಡಕ್ಕೆ ಋಣ. ಕೂಡಿಸುವಾಗ ಈ ಕಡೆಗೆ ಹೆಜ್ಜೆ, ಕಳೆಯುವಾಗ ಆ ಕಡೆಗೆ ಹೆಜ್ಜೆ. ಜಾಣೆಯರು ನಡೆದರು. ಉಳಿದವರು ಗೆರೆಯ ಮೇಲೆ ನಿಂತು ಮುಖವನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂದು ತಿಳಿಯದೆ ನಮ್ಮ ಮುಖವನ್ನು ನೋಡುತ್ತಿದ್ದರು. ನಾವು ಹುಬ್ಬೇರಿಸಿದರೆ ಉತ್ತರವನ್ನು ಬದಲಾಯಿಸುವರು. ಉತ್ತರವು ಲೆಕ್ಕದಲ್ಲಿರದೆ ಉಪಾಧ್ಯಾಯಿನಿಯ ಹುಬ್ಬಿನಲ್ಲಿದೆಯೆಂದು ಎಷ್ಟು ಮಂದಿ ಹುಡುಗಿಯರಿಗೆ ನಾವೇ ಕಲಿಸಿದೆವೋ ಲೆಕ್ಕವಿಲ್ಲ.

ಹೀಗಿರಲು ಜೂನ್ ತಿಂಗಳ ಒಂದು ದಿನ ಎಂಟನೆಯ ತರಗತಿಯ ಮುಂದೆ ಹಾದುಹೋಗುತ್ತಿದ್ದಾಗ ಒಳಗೆ ಅಸಾಧಾರಣವಾದ ಗದ್ದಲ ಕೇಳಿಸಿತು. ಬಾಗಿಲನ್ನು ತೆರೆದು ನೋಡಿದರೆ ಹುಡುಗಿಯರು ನಾಲ್ಕು ನಾಲ್ಕು ಮಂದಿಯಾಗಿ ನೆಲದ ಮೇಲೆ ಕುಳಿತು ಇಸ್ಪೀಟು ಆಡುತ್ತಿದ್ದರು! ನಮ್ಮ ಗಣಿತದ ಉಪಾಧ್ಯಾಯಿನಿಯು ಕಿರಿಯ ವಯಸ್ಸಿನವಳು, ಆ ವರ್ಷವೇ ನಮ್ಮಲ್ಲಿಗೆ ಬಂದವಳು. ಅವಳು ಅವರ ನಡುವೆ ತಾನೂ ಕುಳಿತಿದ್ದಳು. ನಾವು ಏನೂ ಹೇಳಲಿಲ್ಲ. ಗಂಟೆ ಬಾರಿಸಿದ ಮೇಲೆ ಆ ಕಟ್ಟುಗಳನ್ನು ತರಿಸಿಕೊಂಡು ಆಫೀಸಿನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆವು. ಬಚ್ಚಲ ಒಲೆಗೆ ಹಾಕಲಿಲ್ಲ. ಕಾಲವು ಅಷ್ಟಾದರೂ ಮುಂದುವರಿದಿತ್ತು.

ಮಾರನೆಯ ದಿನ ಅವಳು ಬಂದು ಶಾಂತವಾಗಿ ವಿವರಿಸಿದಳು. ಕಪ್ಪು ಎಲೆಗಳು ಧನ, ಕೆಂಪು ಎಲೆಗಳು ಋಣ. ಎಕ್ಕವೆಂದರೆ ಒಂದು, ಗುಲಾಮ ಹನ್ನೊಂದು, ರಾಣಿ ಹನ್ನೆರಡು, ರಾಜ ಹದಿಮೂರು. ಕೈಗೆ ಬಂದ ಎಲೆಗಳನ್ನು ಕೂಡಿಸಿ ಹೇಳಬೇಕು, ಅಷ್ಟೇ ಆಟ. ನಾವು "ನೋಡೋಣ" ಎಂದೆವು. ಈ ಮಾತಿನ ಅರ್ಥವು ಸಾಮಾನ್ಯವಾಗಿ "ಆಗದು" ಎಂದು ನಮ್ಮ ಉಪಾಧ್ಯಾಯಿನಿಯರೆಲ್ಲರೂ ಬಲ್ಲರು.

ಆದರೆ ಆ ಸಾಯಂಕಾಲ ಶಾಲೆ ಬಿಟ್ಟ ಮೇಲೆ ಮಳೆ ನಿಲ್ಲುವುದನ್ನು ಕಾಯುತ್ತ ಕುಳಿತಿದ್ದಾಗ ಖಾನೆಯನ್ನು ತೆರೆದೆವು. ಎಲೆಗಳ ಹೆಸರುಗಳೇ ನಮಗೆ ತಿಳಿಯದು. ನಮ್ಮ ಜವಾನನನ್ನು ಕರೆದು ಕೇಳಿದೆವು. ಅವನು ತಲೆ ತಗ್ಗಿಸಿಕೊಂಡು, ತನಗೇನೂ ಗೊತ್ತಿಲ್ಲವೆಂದು ಹೇಳುತ್ತಲೇ, ಇದು ಕಳಾವರ್, ಇದು ಆಟೀನು ಎಂದು ಒಂದೊಂದನ್ನೂ ತೋರಿಸಿಕೊಟ್ಟನು. ಅವನು ಹೋದ ಮೇಲೆ ಐವತ್ತೆರಡು ಎಲೆಗಳನ್ನೂ ಮೇಜಿನ ಮೇಲೆ ಹರಡಿ ಕೂಡಿಸಿದೆವು. ಒಂದರಿಂದ ಹದಿಮೂರರ ತನಕ ಕೂಡಿಸಿದರೆ ತೊಂಬತ್ತೊಂದು. ಕಪ್ಪು ಜಾತಿ ಎರಡು. ನೂರ ಎಂಬತ್ತೆರಡು ಧನ. ಕೆಂಪು ಜಾತಿ ಎರಡು. ನೂರ ಎಂಬತ್ತೆರಡು ಋಣ. ಒಟ್ಟು ಸೊನ್ನೆ. ಇದು ಮೇಲುನೋಟಕ್ಕೆ ಸಣ್ಣ ವಿಷಯ. ಆದರೆ ಅದರಿಂದ ಹುಟ್ಟುವ ಫಲವು ಸಣ್ಣದಲ್ಲ. ಎಲೆಗಳನ್ನು ನಾಲ್ವರಿಗೆ ಹೇಗೆ ಹಂಚಿದರೂ, ಅವರು ಹೇಗೆ ಬದಲಾಯಿಸಿಕೊಂಡರೂ, ನಾಲ್ಕು ಮೊತ್ತಗಳನ್ನು ಕೂಡಿಸಿದರೆ ಸೊನ್ನೆಯೇ ಬರಬೇಕು. ಬಾರದಿದ್ದರೆ ಎಲ್ಲಿಯೋ ತಪ್ಪಿದೆ. ಆ ತಪ್ಪನ್ನು ಹಿಡಿಯಲು ಉಪಾಧ್ಯಾಯಿನಿಯ ಹುಬ್ಬು ಬೇಕಾಗಿಲ್ಲ. ಮಳೆ ನಿಂತು ಎಷ್ಟು ಹೊತ್ತಾಗಿತ್ತೋ, ನಮಗೆ ತಿಳಿಯಲಿಲ್ಲ. ಮರುದಿನ ಬೆಳಗ್ಗೆ ಕಟ್ಟುಗಳನ್ನು ಹಿಂದಕ್ಕೆ ಕೊಟ್ಟೆವು.

ಆಟವು ಹತ್ತು ದಿನ ನಡೆಯಿತು. ಗೆದ್ದವಳಿಗೆ ಹುಣಸೆಬೀಜಗಳನ್ನು ಕೊಡುವ ಏರ್ಪಾಟಿತ್ತು. ಹತ್ತು ಗುಂಪುಗಳಾದ ಮೇಲೆ ಒಬ್ಬಳು ಉಳಿಯುವಳು. ಅವಳು ಬೀಜಗಳ ಲೆಕ್ಕವನ್ನಿಡಬೇಕು. ಆ ಕೆಲಸವನ್ನು ಪ್ರತಿದಿನವೂ ಒಬ್ಬಳೇ ಹುಡುಗಿ ಬೇಡಿ ತೆಗೆದುಕೊಳ್ಳುತ್ತಿದ್ದಳು. ಲೆಕ್ಕದಲ್ಲಿ ತೀರ ಹಿಂದುಳಿದವಳು, ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಮೊದಲೇ "ತಪ್ಪಾಯ್ತು ಟೀಚರ್" ಎನ್ನುವವಳು. ಎಲೆಗಳನ್ನು ಅವಳು ಮುಟ್ಟುತ್ತಿರಲಿಲ್ಲ. ಸೋಲುವ ಭಯವೆಂದು ನಾವು ತಿಳಿದೆವು. ನಮ್ಮ ತಿಳಿವಳಿಕೆ ತಪ್ಪೆಂದು ಹನ್ನೊಂದನೆಯ ದಿನ ಅವಳ ತಾಯಿಯು ಆಫೀಸಿಗೆ ಬಂದಾಗ ಗೊತ್ತಾಯಿತು.

ಅವರು ಬೀಡಿ ಕಟ್ಟಿ ಮನೆಯನ್ನು ನಡೆಸುವವರು. ಬ್ರಾಂಚಿಗೆ ಬೀಡಿಯನ್ನು ಕೊಟ್ಟು ಹಾಗೆಯೇ ಬಂದಿದ್ದರು. ಖಾಲಿ ಬುಟ್ಟಿಯನ್ನು ಬಾಗಿಲ ಹೊರಗಿಟ್ಟರು. ಕುರ್ಚಿಯನ್ನು ತೋರಿಸಿದರೂ ಕುಳಿತುಕೊಳ್ಳಲಿಲ್ಲ.

"ಟೀಚರೇ, ನಿಮ್ಮ ಹತ್ತಿರ ಒಂದು ಮಾತು ಕೇಳ್ಲಿಕ್ಕುಂಟು. ಶಾಲೆಯಲ್ಲಿ ಮಕ್ಕಳಿಗೆ ಇಸ್ಪೀಟು ಕಲಿಸುದು ಹೌದಾ?"

ಹೌದೆಂದೆವು. ಲೆಕ್ಕಕ್ಕಾಗಿ ಎಂದು ವಿವರಿಸತೊಡಗಿದೆವು. ಅವರು ಕೊನೆಯ ತನಕ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು:

"ನಮ್ಮ ಮನೆಗೆ ಇಸ್ಪೀಟು ಬಂದ ಮೇಲೆ ಅಕ್ಕಿ ಬರುದು ನಿಂತಿತು. ನನ್ನ ಕರಿಮಣಿ ಹೋಯ್ತು. ಅವಳ ಕಿವಿಯದ್ದು ಹೋಯ್ತು. ಅವಳ ಅಪ್ಪ ಹೋದದ್ದು ಆಮೇಲೆ. ಈ ಶಾಲೆಗೆ ಹಾಕಿದ್ದು ಅದೆಲ್ಲ ಇಲ್ಲಿ ಇಲ್ಲ ಅಂತ ನಂಬಿ."

ನಮ್ಮಲ್ಲಿ ಉತ್ತರವಿರಲಿಲ್ಲ. ಆಟವು ಬೇರೆ, ಜೂಜು ಬೇರೆ ಎಂದು ಹೇಳಬಹುದಾಗಿತ್ತು. ಅದು ನಿಜವೂ ಹೌದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಎಲೆಗಳ ಆಟಗಳನ್ನು ತಾವೇ ಕಲ್ಪಿಸಿದ್ದರು, ದಶಾವತಾರಗಳ ಚಿತ್ರವುಳ್ಳ ನೂರ ಇಪ್ಪತ್ತು ದುಂಡನೆಯ ಎಲೆಗಳಿಂದ ದೊಡ್ಡ ಮನೆತನದವರು ಆಡುತ್ತಿದ್ದರು ಎಂದೂ ಹೇಳಬಹುದಾಗಿತ್ತು. ಕಿವಿಯ ಓಲೆಯನ್ನು ಕಳೆದುಕೊಂಡ ಹುಡುಗಿಯ ತಾಯಿಯೆದುರು ಒಡೆಯರ ಮಾತೆಂತು? "ನಾಳೆಯಿಂದ ಆಡಿಸುವುದಿಲ್ಲ" ಎಂದು ಹೇಳಿ ಕಳುಹಿಸಿದೆವು. ಬುಟ್ಟಿಯನ್ನು ಎತ್ತಿಕೊಂಡು ಅವರು ಹೊರಟುಹೋದರು. ಮಗಳು ಕಂಬದ ಮರೆಯಲ್ಲಿ ನಿಂತುಕೊಂಡಿದ್ದುದನ್ನು ನಾವು ಆಗ ಕಂಡೆವು.

ಒಂದು ವಾರ ಆಟ ನಿಂತಿತು. ಗಣಿತದ ಉಪಾಧ್ಯಾಯಿನಿಯು ಎದುರು ಮಾತನಾಡಲಿಲ್ಲ. ಆದರೆ ವಾರದ ಕೊನೆಗೆ ಒಂದು ನೋಟುಬುಕ್ಕನ್ನು ತಂದು ನಮ್ಮ ಮುಂದೆ ತೆರೆದಿಟ್ಟು, "ಟೀಚರ್, ಇವರು ಪುನಃ ಎಂಟಕ್ಕೆ ಹೋಗುತ್ತಿದ್ದಾರೆ" ಎಂದಳು. ನೋಡಿದರೆ ಋಣ ಮೂರಕ್ಕೆ ಋಣ ಐದನ್ನು ಕೂಡಿಸಿ ಧನ ಎಂಟು ಎಂದು ಬರೆದಿತ್ತು. ಆ ತಾಯಿಯ ಮಾತೂ ನಿಜ, ಈ ಎಂಟೂ ನಿಜ. ನಮಗೆ ಎರಡು ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ.

ಮೂರನೆಯ ದಿನ ಹೊಳೆದುದು ಬಹು ಸಾಮಾನ್ಯವಾದ ಸಂಗತಿ: ನಮಗೆ ಬೇಕಾದುದು ಅಂಕಿ ಮತ್ತು ಬಣ್ಣ; ರಾಜ ರಾಣಿಯರಲ್ಲ. ಎಲೆಗಳನ್ನು ನಾವೇ ಮಾಡಿದರಾಗದೆ? ಹುಡುಗಿಯರು ಮೊದಲು ಹಳೆಯ ಮದುವೆಯ ಕಾಗದಗಳನ್ನು ಕತ್ತರಿಸಿ ತಂದರು. ಬೆನ್ನಿನ ಮೇಲೆ ಒಂದರಲ್ಲಿ ಗಣಪತಿ, ಒಂದರಲ್ಲಿ ಕಳಸ, ಒಂದರಲ್ಲಿ ಪಾರಿವಾಳ. ಹಿಂದಿನಿಂದಲೇ ಗುರುತು ಹಿಡಿಯುವರು. ಆಮೇಲೆ ಡ್ರಾಯಿಂಗ್ ಹಾಳೆಗಳನ್ನು ಎರಡು ಪದರವಾಗಿ ಗೋಂದಿನಿಂದ ಅಂಟಿಸಿ, ಪುಸ್ತಕಗಳ ರಾಶಿಯ ಕೆಳಗೆ ಒಂದು ರಾತ್ರಿ ಇಟ್ಟು, ಒಂದೇ ಅಳತೆಗೆ ಕತ್ತರಿಸಿದರು. ಒಂದರಿಂದ ಹತ್ತರ ತನಕ ಕಪ್ಪು ಶಾಯಿಯಲ್ಲಿ ಎರಡು ಸಾಲು, ಕೆಂಪು ಶಾಯಿಯಲ್ಲಿ ಎರಡು ಸಾಲು, ಒಟ್ಟು ನಲವತ್ತು. ಆಗ ಒಬ್ಬಳು, "ಸೊನ್ನೆ ಇಲ್ಲವೇ ಟೀಚರ್?" ಎಂದು ಕೇಳಿದಳು. ಸೊನ್ನೆಯನ್ನು ಯಾವ ಬಣ್ಣದಲ್ಲಿ ಬರೆಯುವುದು? ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಹಸುರು ಶಾಯಿಯಲ್ಲಿ ನಾಲ್ಕು ಸೊನ್ನೆಗಳನ್ನು ಬರೆದು ಸೇರಿಸಿದರು. ಧನವೂ ಅಲ್ಲದ ಋಣವೂ ಅಲ್ಲದ ಸೊನ್ನೆಯ ವಿಷಯವಾಗಿ ನಾವು ಹದಿನೈದು ವರ್ಷ ಮಾಡಿದ ಉಪನ್ಯಾಸಗಳೆಲ್ಲ ಆ ಹಸುರು ಶಾಯಿಯ ಮುಂದೆ ನಿಲ್ಲವು.

ಇನ್ನೊಬ್ಬಳು ಕೇಳಿದ ಪ್ರಶ್ನೆಯೂ ಚೆನ್ನಾಗಿತ್ತು: ಸಾಲಕ್ಕೆ ಕೆಂಪೇ ಏಕೆ? ಹಾಗೇನೂ ನಿಯಮವಿಲ್ಲ. ಕ್ರಿ. ಶ. 263ರಲ್ಲಿ ಚೀನದ ಲಿಯು ಹುಯಿ ಎಂಬ ಗಣಿತಜ್ಞನು ತನ್ನ ವ್ಯಾಖ್ಯಾನದಲ್ಲಿ ಲೆಕ್ಕದ ಕಡ್ಡಿಗಳ ವಿಷಯ ಹೇಳುವಾಗ ಕೆಂಪು ಕಡ್ಡಿ ಧನ, ಕಪ್ಪು ಕಡ್ಡಿ ಋಣವೆಂದಿದ್ದಾನೆ. ನಮ್ಮ ಕ್ರಮಕ್ಕೆ ತೀರ ವಿಪರೀತ. ಬಣ್ಣವು ಒಪ್ಪಂದ, ಲೆಕ್ಕವು ಒಪ್ಪಂದವಲ್ಲ. ನಮ್ಮ ಭಾಷೆಯ ಹೆಸರುಗಳಂತೂ ತಾವೇ ಪಾಠ ಹೇಳುತ್ತವೆ. ಧನವೆಂದರೆ ಇದ್ದುದು, ಋಣವೆಂದರೆ ಸಾಲ. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಈ ಎರಡು ಹೆಸರುಗಳಿಂದಲೇ ನಿಯಮಗಳನ್ನು ಹೇಳಿದ್ದಾನೆ: ಎರಡು ಧನಗಳ ಮೊತ್ತ ಧನ, ಎರಡು ಋಣಗಳ ಮೊತ್ತ ಋಣ, ಧನಕ್ಕೂ ಋಣಕ್ಕೂ ಕೂಡಿದರೆ ಅವುಗಳ ಅಂತರ, ಎರಡೂ ಸಮವಾದರೆ ಸೊನ್ನೆ. ನಮ್ಮ ಕನ್ನಡ ನಾಡನ್ನು ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಇದೇ ಧನ ಋಣಗಳ ವಿಧಿಯನ್ನು ಹೇಳಿದನು. ಇದಾಗಿ ಒಂಬತ್ತು ಶತಮಾನಗಳ ಮೇಲೆ, 1758ರಲ್ಲಿ, ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಮಸೇರ್ಸ್ ಎಂಬ ವಿದ್ವಾಂಸನು ಋಣಚಿಹ್ನೆಯ ಬಳಕೆಯು ಬೀಜಗಣಿತವನ್ನು ಮಸುಕುಗೊಳಿಸುವುದೆಂದು ಒಂದು ಪುಸ್ತಕವನ್ನೇ ಬರೆದನು. ದೊಡ್ಡ ವಿದ್ವಾಂಸನೇ ಮುಗ್ಗರಿಸಿದ ಸ್ಥಳದಲ್ಲಿ ಹದಿಮೂರು ವರ್ಷದ ಹುಡುಗಿಯು ಮುಗ್ಗರಿಸಿದರೆ ಅವಳನ್ನು ದಡ್ಡಿಯೆನ್ನುವುದು ಹೇಗೆ? ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ಬಹಳ ಸಮಾಧಾನ ಹೊಂದಿದರು.

ಎಲೆಗಳು ಸಿದ್ಧವಾದರೂ ಆಡಿಸಲಿಲ್ಲ. ಆ ತಾಯಿಗೆ ಕೊಟ್ಟ ಮಾತಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಬರಬೇಕೆಂದು ಅವರಿಗೆ ಹೇಳಿ ಕಳುಹಿಸಿದೆವು. ಬಂದರು. ಈ ಸಲ ಕುಳಿತುಕೊಂಡರು. ಮಗಳು ಪಕ್ಕದಲ್ಲಿ ನಿಂತಳು. ಕೈಯಿಂದ ಮಾಡಿದ ಎಲೆಗಳನ್ನು ಮೇಜಿನ ಮೇಲಿಟ್ಟು, "ಅಮ್ಮಾ, ಇದರಲ್ಲಿ ಕಪ್ಪು ಬರಬೇಕಾದದ್ದು, ಕೆಂಪು ಕೊಡಬೇಕಾದದ್ದು. ಇದನ್ನೂ ಬೇಡವೆಂದರೆ ನಾವು ಆಡಿಸುವುದಿಲ್ಲ" ಎಂದೆವು. ಅವರು ಎಲೆಗಳನ್ನು ತಿರುಗಿಸಿ ನೋಡಿದರು.

"ನನಗೆ ಎಲೆ ಅಂದ್ರೆ ಬೀಡಿ ಎಲೆ, ಟೀಚರೇ" ಎಂದು ನಕ್ಕರು. ಅವರು ನಕ್ಕುದನ್ನು ನಾವು ಕಂಡುದು ಅದೇ ಮೊದಲು.

ಹನ್ನೊಂದು ಎಲೆಗಳನ್ನು ಅವರ ಮುಂದೆ ಹರಡಿದೆವು. ಕಪ್ಪಿನಲ್ಲಿ ಒಂಬತ್ತು, ಆರು, ನಾಲ್ಕು, ಎರಡು. ಕೆಂಪಿನಲ್ಲಿ ಹತ್ತು, ಏಳು, ಐದು, ಮೂರು, ಒಂದು. ಹಸುರು ಸೊನ್ನೆ ಎರಡು. ನಾವಾದರೆ ಕಪ್ಪನ್ನೆಲ್ಲ ಕೂಡಿಸಿ ಇಪ್ಪತ್ತೊಂದು, ಕೆಂಪನ್ನೆಲ್ಲ ಕೂಡಿಸಿ ಇಪ್ಪತ್ತಾರು ಎಂದು ಬರೆದು ಕಳೆಯುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಕಪ್ಪು ಒಂಬತ್ತರೊಂದಿಗೆ ಎರಡನ್ನು ಸೇರಿಸಿ ಅದರ ಮೇಲೆ ಕೆಂಪು ಹತ್ತನ್ನೂ ಒಂದನ್ನೂ ಇಟ್ಟು, "ಇದಕ್ಕೆ ಇದು ವಜಾ" ಎಂದು ಪಕ್ಕಕ್ಕೆ ಸರಿಸಿದರು. ಆರು ಮತ್ತು ನಾಲ್ಕರ ಮೇಲೆ ಏಳು ಮತ್ತು ಮೂರನ್ನು ಇಟ್ಟು, "ಇದಕ್ಕೆ ಇದು ವಜಾ" ಎಂದರು. ಮೇಜಿನ ಮೇಲೆ ಕೆಂಪು ಐದು ಒಂದೇ ಉಳಿಯಿತು. "ಐದು ಬಾಕಿ." ನಾವು ಮನಸ್ಸಿನಲ್ಲಿ ಲೆಕ್ಕವನ್ನು ಮುಗಿಸುವ ಮೊದಲೇ ಅವರದು ಮುಗಿದಿತ್ತು. ಸಾವಿರ ಬೀಡಿಯ ಎಲೆ ತಂದು, ಕಟ್ಟಿದ್ದು ಕಡಿಮೆಯಾದರೆ ಬಾಕಿ. ಸರಿಯಿಲ್ಲವೆಂದು ಬ್ರಾಂಚಿನವರು ತೆಗೆದಿಟ್ಟದ್ದು ವಜಾ. ಮುಂದಿನ ದಿನ ಹೆಚ್ಚು ಕೊಟ್ಟು ಬಾಕಿಯನ್ನು ತೀರಿಸಬೇಕು. ದಿನವೂ ಮಾಡುವ ಲೆಕ್ಕವಿದು.

ನಾವು ಇನ್ನೊಂದು ಪ್ರಶ್ನೆಯನ್ನು ಕೇಳಿದೆವು. ಇದುವೇ ತರಗತಿಯಲ್ಲಿ ಎಲ್ಲಕ್ಕಿಂತ ಕಷ್ಟವಾದುದು. ಅದೇ ಹನ್ನೊಂದು ಎಲೆಗಳನ್ನು ಪುನಃ ಹರಡಿ, ಕೆಂಪು ಏಳನ್ನು ಎತ್ತಿಕೊಂಡು, "ಈಗ?" ಎಂದೆವು. "ಐದು ಬಾಕಿ ಇತ್ತು. ಏಳರ ಸಾಲ ನೀವು ಕೊಂಡುಹೋದಿರಿ. ಎರಡು ನನಗೇ ಉಳಿಯಿತು. ಸಾಲ ತೆಗೆದರೆ ಬಂದ ಹಾಗೇ ಅಲ್ವಾ?" ಎಂದರು. ಋಣವನ್ನು ಕಳೆದರೆ ಧನವನ್ನು ಕೂಡಿಸಿದಂತೆ ಎಂಬ ಸೂತ್ರವನ್ನು ಬೋರ್ಡಿನ ಮೇಲೆ ಎರಡು ಗೀಟುಗಳಿಂದ ತೋರಿಸಲು ನಾವು ಪಟ್ಟ ಶ್ರಮವು ನಮ್ಮ ನೆನಪಿಗೆ ಬಂತು. ಮಗಳು ಒಂದು ಮಾತನ್ನೂ ಆಡದೆ ತಾಯಿಯ ಬೆರಳುಗಳನ್ನೇ ನೋಡುತ್ತಿದ್ದಳು.

ಆದರೆ ಆ ತಾಯಿಯು ಅಷ್ಟಕ್ಕೇ ಕರಗಿದರೆಂದು ವಾಚಕರು ತಿಳಿಯಬಾರದು. "ಇದು ಇಸ್ಪೀಟಲ್ಲ ಅಂತ ಹೇಳ್ಬೇಡಿ ಟೀಚರೇ, ಇಸ್ಪೀಟೇ" ಎಂದರು. ಎರಡು ಷರತ್ತುಗಳನ್ನು ಹಾಕಿದರು. ಎಲೆಗಳು ಶಾಲೆಯಿಂದ ಮನೆಗೆ ಬರಕೂಡದು. ಹುಣಸೆಬೀಜವೂ ಕೂಡದು, ಇವತ್ತು ಹುಣಸೆಬೀಜ, ನಾಳೆ ದುಡ್ಡು. ಎರಡನ್ನೂ ನಾವು ಒಪ್ಪಿದೆವು. ಬೀಜಗಳ ಡಬ್ಬಿಯನ್ನು ಅಂದೇ ಅಡಿಗೆಯ ಕೋಣೆಗೆ ಕಳುಹಿಸಿದೆವು. ಈ ಷರತ್ತುಗಳು ಇಂದಿಗೂ ನಮ್ಮಲ್ಲಿ ನಡೆಯುತ್ತಿವೆ. ಎರಡನೆಯ ಷರತ್ತಿನಿಂದ ಆಟಕ್ಕೆ ನಷ್ಟವಾಗುವುದೆಂದು ನಾವು ಹೆದರಿದ್ದೆವು; ಆಗಲಿಲ್ಲ. ಹೆಚ್ಚು ಕೂಡಿಟ್ಟವಳು ಗೆಲ್ಲುವ ಬದಲಾಗಿ ಸೊನ್ನೆಗೆ ಅತಿ ಸಮೀಪದಲ್ಲಿದ್ದವಳು ಗೆಲ್ಲುವಳೆಂದು ಹುಡುಗಿಯರೇ ನಿಯಮವನ್ನು ಬದಲಾಯಿಸಿಕೊಂಡರು.

ಮನೆಯಲ್ಲಿ ಮಕ್ಕಳ ಲೆಕ್ಕವನ್ನು ನೋಡುವ ತಾಯಂದಿರಿಗಾಗಿ ಆಟದ ಕ್ರಮವನ್ನು ಹೇಳಿಬಿಡುವೆವು. ನಾಲ್ವತ್ತನಾಲ್ಕು ಎಲೆಗಳನ್ನು ಕಲಸಿ ನಾಲ್ವರಿಗೆ ಹನ್ನೊಂದರಂತೆ ಹಂಚಬೇಕು. ಪ್ರತಿಯೊಬ್ಬಳೂ ತನ್ನ ಮೊತ್ತವನ್ನು ಬರೆಯಬೇಕು. ನಾಲ್ಕನ್ನೂ ಕೂಡಿಸಿ ಸೊನ್ನೆ ಬಂದಿತೇ ಎಂದು ನೋಡಬೇಕು. ಆಮೇಲೆ ಸರದಿಯಂತೆ ಬಲಗಡೆಯವಳ ಕೈಯಿಂದ, ನೋಡದೆ, ಒಂದು ಎಲೆಯನ್ನು ಎಳೆಯಬೇಕು. ಎಳೆದವಳೂ ಎಳೆಸಿಕೊಂಡವಳೂ ತಮ್ಮ ಹೊಸ ಮೊತ್ತವನ್ನು ಗಟ್ಟಿಯಾಗಿ ಹೇಳಬೇಕು. ಋಣ ಐದರಲ್ಲಿದ್ದವಳ ಕೈಯಿಂದ ಕೆಂಪು ಏಳು ಹೋದರೆ ಅವಳು ಧನ ಎರಡಕ್ಕೆ ಏರುವಳು. ಧನ ಮೂರರಲ್ಲಿದ್ದು ಅದನ್ನು ಎಳೆದವಳು ಋಣ ನಾಲ್ಕಕ್ಕೆ ಇಳಿಯುವಳು. ಒಬ್ಬಳ ಕಳೆಯುವಿಕೆ ಇನ್ನೊಬ್ಬಳ ಕೂಡುವಿಕೆ. ಮೂರು ಸುತ್ತು ಸಾಕು. ಗದ್ದಲವಾಗುವುದು, ಸಹಿಸಿಕೊಳ್ಳಬೇಕು.

ಆಟದಿಂದ ಎಲ್ಲವೂ ಆಯಿತೆಂದು ಹೇಳುವುದಿಲ್ಲ. ಋಣವನ್ನು ಋಣದಿಂದ ಗುಣಿಸುವಾಗ ಈ ಎಲೆಗಳು ಏನೂ ಸಹಾಯ ಮಾಡವು. ಅಲ್ಲಿ ಬೇರೆ ದಾರಿಯನ್ನು ಹಿಡಿಯಬೇಕು. ಚುರುಕಾದವಳೊಬ್ಬಳು ನಾಲ್ವರ ಲೆಕ್ಕವನ್ನೂ ತಾನೇ ಹೇಳಿ ಉಳಿದವರನ್ನು ಸುಮ್ಮನಾಗಿಸುವುದುಂಟು; ಅಂಥವರನ್ನು ಒಂದೇ ಗುಂಪಿಗೆ ಸೇರಿಸುವುದೇ ಮದ್ದು. ಪರೀಕ್ಷೆಯಲ್ಲಿ ಎಲೆಗಳಿರುವುದಿಲ್ಲವಾದುದರಿಂದ ಕೆಲವರು ಉತ್ತರಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಸಣ್ಣ ಚೌಕಗಳನ್ನು ಬರೆದು ವಜಾ ಹಾಕಿಕೊಳ್ಳುತ್ತಿದ್ದರು. ನಾವು ತಡೆಯಲಿಲ್ಲ. ವರ್ಷದ ಕೊನೆಗೂ ಏಳೆಂಟು ಮಂದಿ ಆ ಹಳೆಯ ಮಂತ್ರವನ್ನು ಬಿಟ್ಟಿರಲಿಲ್ಲ.

ಅಕ್ಟೋಬರ್ ತಿಂಗಳಲ್ಲಿ ನಡೆದ ಒಂದು ಸಂಗತಿಯನ್ನು ಹೇಳಿ ಮುಗಿಸುವೆವು. ಬೀಡಿ ಕಟ್ಟುವವರ ಆ ಮಗಳು ಆಗ ಎಲೆಗಳನ್ನು ಮುಟ್ಟತೊಡಗಿದ್ದಳು. ತಾಯಿಯಂತೆಯೇ ಜೋಡಿ ಜೋಡಿಯಾಗಿ ವಜಾ ಮಾಡುವಳು. ಬಾಯಿ ಮಾತ್ರ ಬಿಡಳು. ಆ ದಿನ ಅವಳ ಗುಂಪಿನವರು ಬರೆದ ಮೊತ್ತಗಳು ಹೀಗಿದ್ದವು: ಧನ ಹನ್ನೆರಡು, ಋಣ ಒಂಬತ್ತು, ಧನ ಆರು, ಇವಳದು ಋಣ ಹದಿಮೂರು. ಕೂಡಿಸಿದರೆ ಋಣ ನಾಲ್ಕು. ಸೊನ್ನೆ ಬರಲಿಲ್ಲ. ಉಳಿದ ಮೂವರೂ ಒಡನೆಯೇ ಇವಳ ಕಡೆಗೆ ತಿರುಗಿದರು. ತಪ್ಪು ಮಾಡುವವಳು ಬೇರೆ ಯಾರು? "ಪುನಃ ಕೂಡಿಸು" ಎಂದರು. ಕೂಡಿಸಿದಳು, ಋಣ ಹದಿಮೂರು. "ಒಂಬತ್ತು ಇರಬೇಕು, ನೋಡು" ಎಂದರು. ನಾವು ಆ ಹೊತ್ತಿಗೆ ಅಲ್ಲಿಯೇ ನಿಂತಿದ್ದೆವು. ಅವಳು ತಲೆಯೆತ್ತಿ ನಮ್ಮ ಮುಖವನ್ನು ನೋಡಿದಳು. ನಮ್ಮ ಹುಬ್ಬನ್ನು ಅಲುಗಿಸದೆ ನಿಲ್ಲುವುದು ಅಂದು ನಮಗೆ ಎಷ್ಟು ಕಷ್ಟವಾಯಿತೆಂದು ದೇವರೇ ಬಲ್ಲನು.

ಅವಳು ಪುನಃ ಎಲೆಗಳ ಕಡೆಗೆ ನೋಡಿದಳು. ತನ್ನ ಕೈಯ ಎಲೆಗಳನ್ನು ಎಣಿಸಿದಳು. ಹತ್ತೇ ಇದ್ದವು. ಹಂಚುವಾಗ ಯಾರೂ ಗಮನಿಸಿರಲಿಲ್ಲ. ಉಳಿದವರ ಎಲೆಗಳನ್ನೂ ಕೇಳಿ ತೆಗೆದುಕೊಂಡು ಎಣಿಸಿದಳು, ಒಟ್ಟು ನಾಲ್ವತ್ತಮೂರು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ ನಾವು ಅವಳ ಬಾಯಿಂದ ಅದುವರೆಗೆ ಕೇಳದೆ ಇದ್ದ ಸ್ವರದಲ್ಲಿ ಹೇಳಿದಳು:

"ನಂದು ತಪ್ಪಿಲ್ಲ. ಒಂದು ಕಪ್ಪು ನಾಲ್ಕು ಕಳೆದುಹೋಗಿದೆ."

ಮೂವರೂ ಸೇರಿ ಎಲೆಗಳನ್ನು ಸಾಲಾಗಿ ಜೋಡಿಸಿದರು. ಕಪ್ಪು ನಾಲ್ಕು ಎರಡಿರಬೇಕಾದಲ್ಲಿ ಒಂದೇ ಇತ್ತು. ಬೆಂಚುಗಳ ಕೆಳಗೆ ಹುಡುಕಿದರು, ಚೀಲಗಳಲ್ಲಿ ಹು­ಡುಕಿದರು, ಕಿಟಕಿಯ ಹೊರಗಿನ ಚರಂಡಿಯಲ್ಲಿಯೂ ಹುಡುಕಿದರು. ಸಿಕ್ಕಲಿಲ್ಲ.

ಆ ಹುಡುಗಿಯು 2025ರಲ್ಲಿ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದಳು; ಗಣಿತದಲ್ಲಿ ಅಂಕಗಳು ಸಾಧಾರಣ. ಕಾಲೇಜಿನಲ್ಲಿ ವಾಣಿಜ್ಯವನ್ನು ತೆಗೆದುಕೊಂಡಳು. ಅವಳ ತಾಯಿಯು ಪ್ರವೇಶಪತ್ರಕ್ಕಾಗಿ ಬಂದಿದ್ದಾಗ, "ಈಗಲೂ ಆಡಿಸ್ತೀರಾ ಟೀಚರೇ?" ಎಂದು ಕೇಳಿದರು. ಹೌದೆಂದೆವು. "ಬೀಜ ಇಲ್ಲ ಅಲ್ವಾ?" ಎಂದರು. ಇಲ್ಲವೆಂದೆವು.

ಅವರ ತರಗತಿಯವರು ಮಾಡಿದ ಹತ್ತು ಕಟ್ಟುಗಳೂ ನಮ್ಮ ಆಫೀಸಿನ ಗಾಜಿನ ಕಪಾಟಿನಲ್ಲಿ ಎರಡನೆಯ ಹಲಗೆಯ ಮೇಲಿವೆ. ಉತ್ಸವಕ್ಕೆ ಬರುವ ಪೂರ್ವವಿದ್ಯಾರ್ಥಿನಿಯರು ಬೇಕಾದರೆ ಎಂಟನೆಯ ತರಗತಿಯ ಕೋಣೆಯಲ್ಲಿ ಕುಳಿತು ಒಂದು ಸುತ್ತು ಆಡಬಹುದು. ಆರನೆಯ ಕಟ್ಟಿನ ಒಂದು ಕಪ್ಪು ನಾಲ್ಕನ್ನು ನಾವೇ ಬರೆದು ಸೇರಿಸಿದ್ದೇವೆ. ಶಾಯಿ ಸ್ವಲ್ಪ ಹರಡಿದೆ, ಅಂಕಿಯೂ ತುಸು ದಪ್ಪವಾಗಿದೆ; ನೋಡಿದರೆ ಗುರುತು ಸಿಕ್ಕುವುದು.